ಗಾಳಿ ಕುಡಿಯುವ ಎಂಜಿನ್ನೂ ಗೌರಿಯ ಬಾಗಿನವೂ

ನನ್ನ ಮಾವ ಶ್ರೀರಾಮಪ್ಪನವರು ನಮ್ಮ ಮನೆಗೆ ಬರಬೇಕಾದರೆ ನಾಲ್ಕು ಚಕ್ರ ಬೇಕಂತೆ. ಮೂರು ಆಗದು, ಎರಡಂತೂ ಜನ್ಮದಲ್ಲಿ ಆಗದು. ಈ ಘೋಷಣೆಯನ್ನು ಅವರು ಹೊರಡಿಸಿದ್ದು ಹೋದ ವರ್ಷ ಗೌರಿಹಬ್ಬದ ದಿನ, ಬಂಗಾರಪೇಟೆಯಿಂದ ಊರಿಗಾಂಗೆ ಬರುವ ದಾರಿಯಲ್ಲಿ, ಒಂದು ಮೋರಿಯೊಳಗೆ ಕುಳಿತುಕೊಂಡು. ಮೋರಿಯಲ್ಲಿ ಅವರೊಬ್ಬರೇ ಇರಲಿಲ್ಲ. ನನ್ನ ಸ್ಕೂಟರಿತ್ತು, ಸ್ಕೂಟರಿನ ಕೆಳಗೆ ನಾನಿದ್ದೆ, ನನ್ನ ಕೆಳಗೆ ಅವರು ಮಗಳಿಗೆಂದು ತಂದಿದ್ದ ತವರಿನ ಬಾಗಿನವಿತ್ತು. ಮೊರ ಮುರಿದು, ಬಳೆ ಒಡೆದು, ಕುಂಕುಮ ಮೋರಿಯ ಪಾಲಾಗಿತ್ತು. ಮಾವ ಎದ್ದು ಪಂಚೆ ಹಿಂಡಿಕೊಂಡು, ಒಡೆದ ಬಳೆಯ ಬಾಗಿನವನ್ನು ಮಗಳ ಕೈಗಿಡುವ ತಂದೆ ತಾನಲ್ಲ ಎಂದು ಹೇಳಿ, ಹಾಗೆಯೇ ವಾಪಸು ನಡೆದು ತಮ್ಮೂರಿಗೆ ಹೋಗುವ ಕುಪ್ಪಂ ಕಡೆಯ ರೈಲು ಹತ್ತಿಬಿಟ್ಟರು.

ಬಸ್ಸಿನಲ್ಲಿ ಬರಬಾರದೇ ಎಂದು ನೀವು ಕೇಳಬಹುದು. ನಾನೂ ಫೋನಿನಲ್ಲಿ ಕೇಳಿದ್ದೆ. ಬಾಗಿನ ತರುವ ತಂದೆಯನ್ನು ಅಳಿಯನೇ ಸ್ಟೇಷನ್ನಿಗೆ ಬಂದು ಕರೆದೊಯ್ಯುವುದು ಅವರ ಮನೆತನದ ಪದ್ಧತಿಯಂತೆ. (ಅವರ ಮನೆತನವೆಂದರೆ ನನ್ನ ತಾಯಿಯ ಮನೆತನವೂ ಹೌದು. ಮಾವ ನನ್ನ ತಾಯಿ ಮುತ್ಯಾಲಮ್ಮನ ಒಡಹುಟ್ಟಿದ ತಮ್ಮ. ಹೀಗಾಗಿ ಈ ವಿಷಯದಲ್ಲಿ ಮನೆಯೊಳಗೆ ನನ್ನ ಪರವಾಗಿ ಒಂದು ವೋಟೂ ಇಲ್ಲ.)

ಆ ಗೌರಿಹಬ್ಬದಂದು ನನ್ನ ಹೆಂಡತಿ ಶಶಿರೇಖ ಬರಿಗೈಯಲ್ಲಿ ಗೌರಿಯ ಮುಂದೆ ಕೂತಿದ್ದಳು. ಪಕ್ಕದ ಮನೆಯವರೆಲ್ಲ ತಮ್ಮ ತಮ್ಮ ಬಾಗಿನ ತಂದು ತೋರಿಸಿ ಹೋದರು. ನನ್ನನ್ನು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ಸುಮ್ಮನೆ ಎದ್ದು ಹಸುಗಳಿಗೆ ಹುಲ್ಲು ಹಾಕಲು ಹೋದಳು, ಬಹಳ ಹೊತ್ತು ಕೊಟ್ಟಿಗೆಯಿಂದ ಈಚೆ ಬರಲಿಲ್ಲ. ಆಮೇಲೆ ವರ್ಷವಿಡೀ ನನಗೆ ನಿದ್ದೆಯಲ್ಲೂ ಚಕ್ರಗಳೇ ಕಾಣುತ್ತಿದ್ದವು.

ಈ ವರ್ಷ ಆಷಾಢಕ್ಕೆ ಮುಂಚೆ ನನ್ನ ತಲೆಯಲ್ಲಿ ಆ ದಿವ್ಯ ಆಲೋಚನೆ ಹೊಳೆದದ್ದು ಹಾಗೆ. ನಂದಿದುರ್ಗ ಗಣಿಯ ಹಳೇ ಕೂಲಿಲೈನಿನಲ್ಲಿ ಗಾಡಿ ರಿಪೇರಿ ಮಾಡುವ ಕುಪ್ಪುಸ್ವಾಮಿಯ ಶೆಡ್ಡಿನಲ್ಲಿ ಒಂದು ಪುಟ್ಟ ಕಾರಿತ್ತು. ನಮ್ಮೂರ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಯಾವನೋ ಆಫೀಸರು ದೂರದ ದೇಶದಿಂದ ತರಿಸಿದ್ದಂತೆ. ಗುಂಡಗೆ, ಗಿಡ್ಡಗೆ, ನೋಡಿದರೆ ಮುದ್ದು ಬರುವಂಥದ್ದು. ಚಕ್ರಗಳನ್ನು ಸುತ್ತು ಬಂದು ಎಣಿಸಿದೆ, ನಾಲ್ಕೇ ಇದ್ದವು. ಮಾವನ ಷರತ್ತಿನಲ್ಲಿ ಕಾರಿನ ಗಾತ್ರದ ಪ್ರಸ್ತಾಪವಿರಲಿಲ್ಲವಾದ್ದರಿಂದ ಮಾತು ಮುಗಿಸಿ ತಂದೇಬಿಟ್ಟೆ.

ಮನೆಯ ಮುಂದೆ ನಿಲ್ಲಿಸಿದಾಗ ಶಶಿರೇಖ ಸೆರಗು ಸಿಕ್ಕಿಸಿಕೊಂಡು ಪರೀಕ್ಷೆಗೆ ಇಳಿದಳು. ತವರಿನಲ್ಲಿ ಟ್ರ್ಯಾಕ್ಟರ್ ಓಡಿಸಿದವಳು, ಸಾಮಾನ್ಯಳಲ್ಲ. ಮುಂದಿನ ಮುಚ್ಚಳ ತೆಗೆದಳು. ಒಳಗೆ ಒಂದು ಸ್ಟೆಪ್ನಿ, ಮಿಕ್ಕಿದ್ದು ಖಾಲಿ. ನನ್ನತ್ತ ತಿರುಗಿ, ಎಂಜಿನ್ನನ್ನು ನಾಳೆ ತಂದುಕೊಡುತ್ತೇನೆ ಎಂದನೋ ಹೇಗೆ ಕುಪ್ಪುಸ್ವಾಮಿ ಎಂದು ಕೇಳಿದಳು. ನಾನು ಗಂಭೀರವಾಗಿ ಅವಳನ್ನು ಹಿಂದಕ್ಕೆ ಕರೆದೊಯ್ದು ಅಲ್ಲಿನ ಮುಚ್ಚಳ ತೆರೆದೆ. ನಮ್ಮ ಹಬ್ಬದ ಇಡ್ಲಿ ಪಾತ್ರೆಗಿಂತ ತುಸು ದೊಡ್ಡದಾದ ಒಂದು ಎಂಜಿನ್ನು ಮೂಲೆಯಲ್ಲಿ ಮುದುರಿಕೊಂಡು ಕೂತಿತ್ತು. ಎರಡೇ ಸಿಲಿಂಡರು. ರೇಡಿಯೇಟರು ಇಲ್ಲ, ನೀರು ಹಾಕುವ ಜಾಗವೇ ಇಲ್ಲ. ಅದರೊಳಗಿನ ಫ್ಯಾನು ಮೇಲಿನ ಸೀಳುಗಳಿಂದ ಗಾಳಿ ಎಳೆದುಕೊಳ್ಳುತ್ತದೆ, ಆ ಗಾಳಿ ಬಡಿದೇ ಎಂಜಿನ್ನು ತಣ್ಣಗಾಗುತ್ತದೆ ಎಂದು ಕುಪ್ಪುಸ್ವಾಮಿ ಹೇಳಿಕೊಟ್ಟಿದ್ದನ್ನೆಲ್ಲ ನನ್ನದೇ ಸಂಶೋಧನೆ ಎಂಬಂತೆ ಒಪ್ಪಿಸಿದೆ.

ಬೇತಮಂಗಲದ ನೀರು ನಲ್ಲಿಗೆ ಬರುವುದನ್ನು ಕೊಡ ಹಿಡಿದು ಕಾಯುವ ಮನೆಯಲ್ಲಿ, ನೀರು ಕೇಳದ ಎಂಜಿನ್ನೆಂದರೆ ಅಳಿಯನಿಗಿಂತ ಹೆಚ್ಚಿನ ಮರ್ಯಾದೆ. ನನ್ನ ತಾಯಿ ಅದರ ತಲೆ ನೇವರಿಸಿ, ನೀರು ಕೇಳದ ಮಗು ಎಂದು ಹೊಗಳಿದಳು.

ನನ್ನ ಆತಂಕ ಆರಂಭವಾದದ್ದು ಆಷಾಢದ ಗಾಳಿಯ ಜೊತೆಗೆ.

ನಮ್ಮ ಕಡೆಯ ಗಾಳಿಯನ್ನು ನೀವು ನೋಡಿರಲಿಕ್ಕಿಲ್ಲ. ‘ನೋಡಿರಲಿಕ್ಕಿಲ್ಲ’ ಎಂದು ನಾನು ಅಂದದ್ದು ಬೇಕೆಂದೇ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಗಣಿಯಿಂದ ತೆಗೆದು ಅರೆದು ಸುರಿದ ಮಣ್ಣು ಬೆಟ್ಟ ಬೆಟ್ಟವಾಗಿ ಬಿದ್ದಿದೆಯಲ್ಲ, ನಾವು ಸೈನೈಡ್ ದಿಬ್ಬ ಎನ್ನುವುದು, ಅದರ ನುಣುಪು ಧೂಳು ಗಾಳಿಯೊಂದಿಗೆ ಮನೆಮನೆಗೂ ಭೇಟಿ ಕೊಡುತ್ತದೆ. ಅನ್ನದಲ್ಲಿ ಅದೇ, ಹಾಸಿಗೆಯಲ್ಲಿ ಅದೇ. ಹಾಗಾಗಿ ಆಷಾಢ ಕಾಲಿಟ್ಟಿತೆಂದರೆ ನಮ್ಮ ಬೀದಿಯ ಹೆಂಗಸರೆಲ್ಲ ಹಳೆ ಸೀರೆ ಹರಿದು ಕಿಟಕಿಯ ಸಂದು, ಬಾಗಿಲ ಸಂದು, ಹೆಂಚಿನ ಸಂದು ಎಲ್ಲೆಲ್ಲಿ ಬೆಳಕು ಕಾಣುತ್ತದೋ ಅಲ್ಲೆಲ್ಲ ತುರುಕುತ್ತಾರೆ. ಗೌರಿಹಬ್ಬ ಕಳೆದು ಗಾಳಿ ಅಡಗುವವರೆಗೂ ಯಾರ ಮನೆಯಲ್ಲೂ ಒಂದು ತೂತು ಖಾಲಿ ಕಾಣುವುದಿಲ್ಲ. ಈ ಕೆಲಸದಲ್ಲಿ ನನ್ನ ತಾಯಿಯನ್ನು ಮೀರಿಸುವವರು ಊರಿಗಾಂನಲ್ಲೇ ಇಲ್ಲ. ಕೈಯಲ್ಲಿ ತುರುಕಿ, ಪೊರಕೆ ಕಡ್ಡಿಯಲ್ಲಿ ಒಳಗೆ ದೂಡಿ, ಮೇಲಿಂದ ಹೆಬ್ಬೆಟ್ಟಿನಲ್ಲಿ ಒತ್ತಿ ಭದ್ರ ಮಾಡುತ್ತಾಳೆ.

ಈಗ ನನ್ನ ಸಂಕಷ್ಟ ಯೋಚಿಸಿ. ಎಂಜಿನ್ನಿಗೆ ಗಾಳಿ ಬೇಕು, ಧೂಳು ಬೇಡ. ನಮ್ಮಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ಆಫೀಸಿನಲ್ಲಿ ಕೂತಾಗಲೂ ನನ್ನ ಕಣ್ಣ ಮುಂದೆ ಆ ಸೀಳುಗಳು ಬಾಯಿ ತೆರೆದುಕೊಂಡು ಧೂಳು ನುಂಗುತ್ತಿದ್ದವು. ಕುಪ್ಪುಸ್ವಾಮಿಗೆ ದಿನಾ ಫೋನು ಮಾಡಿದೆ. ಅವನು ದಿನಾ ಒಂದೇ ಮಾತು ಹೇಳುತ್ತಿದ್ದ. ‘ಕವಲೆ ಪಡಾದೀಂಗ ಸಾರ್, ಗಾಳಿ ಕುಡೀಲಿ ಬುಡಿ ಅದು’ ಎಂದು. ಆದರೆ ಚಿಂತೆ ಮಾಡಬೇಡಿ ಎಂದು ಯಾರಾದರೂ ಅಂದರೆ ನನಗೆ ಚಿಂತೆ ಇಮ್ಮಡಿಯಾಗುತ್ತದೆ. ಕೊನೆಗೆ ನಾನೇ ಒಂದು ವ್ಯವಸ್ಥೆ ಮಾಡಿದೆ. ಕಾರು ನಿಂತಿರುವಾಗ ಸೀಳುಗಳಿಗೆ ಬಟ್ಟೆ ತುರುಕುವುದು, ಹೊರಡುವಾಗ ತೆಗೆಯುವುದು. ಆಫೀಸಿನಿಂದ ರೈಲಿಳಿದು ಕಾರಿನಲ್ಲಿ ಮನೆಗೆ ಬಂದರೆ ಚಪ್ಪಲಿ ಬಿಡುವುದಕ್ಕೆ ಮುಂಚೆ ಕಾರಿನ ಹಿಂಭಾಗಕ್ಕೆ ಬಟ್ಟೆ ತುರುಕುತ್ತಿದ್ದೆ. ನನ್ನ ತಾಯಿ ಜಗುಲಿಯ ಮೇಲೆ ಕೂತು ತಲೆದೂಗುತ್ತಿದ್ದಳು. ಮಗನಿಗೆ ಕೊನೆಗಾದರೂ ಮನೆಯ ವಿದ್ಯೆ ಒಲಿಯಿತಲ್ಲ ಎಂಬ ಸಂತೋಷ ಅವಳ ಮುಖದಲ್ಲಿತ್ತು.

ಗೌರಿಹಬ್ಬದ ದಿನ ಬೆಳಿಗ್ಗೆ ಬಟ್ಟೆಗಳನ್ನೆಲ್ಲ ನನ್ನ ಕೈಯಾರೆ ತೆಗೆದು, ಸೀಳುಗಳಿಗೆ ಕಣ್ಣಿಟ್ಟು ನೋಡಿ, ಆಮೇಲೆ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಕಾರಿಗೆ ಪೂಜೆಯಾಗಿತ್ತು. ಮುಂದೆ ಅರಿಶಿನ ಕುಂಕುಮ, ಹಿಂದೆ ಎಂಜಿನ್ನಿನ ಮುಚ್ಚಳದ ತುಂಬ ಚೆಂಡುಹೂವಿನ ದಪ್ಪ ಹಾರ, ಅರಿಶಿನದ ದಾರ ಸುತ್ತಿ ಗಂಟು ಹಾಕಿತ್ತು. ಇದು ನನ್ನ ತಾಯಿಯ ಕೈಕೆಲಸ. ನಾನು ಮುಚ್ಚಳವನ್ನು ಇನ್ನೊಮ್ಮೆ ತೆರೆದು ನೋಡೋಣವೆಂದು ಹಾರಕ್ಕೆ ಕೈ ಹಾಕಿದರೆ ಶಶಿರೇಖ ಬಿಡಲಿಲ್ಲ. ಬಾಗಿನ ಮನೆ ಸೇರುವವರೆಗೆ ಪೂಜೆಯ ದಾರ ಬಿಚ್ಚಕೂಡದಂತೆ. ಅವಳೂ ಕಾರು ಹತ್ತಿ ಕೂತಳು. ನನ್ನೊಬ್ಬನನ್ನೇ ಅಪ್ಪನ ಬಳಿ ಕಳಿಸುವ ಧೈರ್ಯ ಅವಳಿಗಿರಲಿಲ್ಲ.

‘ಬಾಗಿನ ಕೈಗೆ ಬರೋಗಂಟ ನೀರೂ ಕುಡಿಯಾಕಿಲ್ಲ ನಾನು. ನೋಡ್ಕೊಂಡು ಓಡಿಸು’ ಎಂದಳು.

ನಾನು ಕೀಲಿ ತಿರುಗಿಸಿ ಕಾರನ್ನು ಮೆಲ್ಲಗೆ ಬೀದಿಗಿಳಿಸಿದೆ.

ಬಂಗಾರಪೇಟೆ ಇನ್ನೂ ದೂರವಿರುವಾಗಲೇ ಕಾರು ಏದುಸಿರು ಬಿಡಲಾರಂಭಿಸಿತು. ನನಗೂ ಏದುಸಿರು. ಏನೋ ಸುಟ್ಟ ವಾಸನೆ ಎಂದೆ. ಅವಳು ನನ್ನ ಮೂಗಿಗೆ ಹುಟ್ಟಿದಾಗಿನಿಂದ ಸುಟ್ಟ ವಾಸನೆ ಬರುತ್ತಿದೆ ಎಂದಳು. ಅದು ನಿಜವೂ ಆದದ್ದರಿಂದ ಸುಮ್ಮನಾದೆ. ಸ್ಟೇಷನ್ನಿನಲ್ಲಿ ರೈಲು ತಡವಾಗಿ ಬಂತು. ಜೀವಮಾನದಲ್ಲಿ ಮೊದಲ ಸಲ ರೈಲು ತಡವಾದದ್ದಕ್ಕೆ ಕೈಮುಗಿದೆ. ಹಾರದ ಕೆಳಗೆ ಬೆರಳಿಟ್ಟು ನೋಡಿದಾಗ ಮುಚ್ಚಳ ದೋಸೆ ಹೆಂಚಾಗಿತ್ತು. ಕುಪ್ಪುಸ್ವಾಮಿಗೆ ಫೋನು ಮಾಡಿದೆ. ಹಬ್ಬದ ಹೊತ್ತಿನಲ್ಲಿ ಅವನು ಅದೇ ಉತ್ತರ ಕೊಟ್ಟ. ನಿಲ್ಲಿಸಿ, ಗಾಳಿ ಕುಡಿಯಲಿ, ಆಮೇಲೆ ಹೊರಡಿ.

ಮಾವ ಇಳಿದರು. ಬಿಳಿ ಪಂಚೆ, ಹೆಗಲ ಮೇಲೆ ಜರಿ ವಲ್ಲಿ, ಎರಡೂ ಕೈಯಲ್ಲಿ ಮುಚ್ಚಿಕಟ್ಟಿದ ಮೊರದ ಬಾಗಿನ. ಮಗಳು ಕಾಲು ಮುಟ್ಟಿ ನಮಸ್ಕರಿಸಿದರೆ ಕಣ್ಣೊರೆಸಿಕೊಂಡರು. ನನ್ನನ್ನು ಮಾತಾಡಿಸುವ ಮುಂಚೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಚಕ್ರಗಳನ್ನು ನೋಡಿದರು.

‘ನಾಲ್ಗು ಅವೆ. ಚಿನ್ನವೇ ಆದ್ರೂ ಅವೆ. ಪದ ಅಲ್ಲುಡು’ ಎಂದು ಹೇಳಿ ಮುಂದಿನ ಸೀಟಿನಲ್ಲಿ ಕೂತು ಬಾಗಿನವನ್ನು ತೊಡೆಯ ಮೇಲಿಟ್ಟುಕೊಂಡರು. (ತೆಲುಗಿನಲ್ಲಿ ಚಿನ್ನವೆಂದರೆ ಪುಟ್ಟದ್ದು. ಅಳಿಯನೇ ನಡೆ, ಚಕ್ರ ಪುಟ್ಟದಾದರೂ ಪರವಾಗಿಲ್ಲ ಎಂಬ ಅಪ್ಪಣೆ ಅದು.) ಶಶಿರೇಖ ಹಿಂದೆ ತೆಂಗಿನಕಾಯಿ ಚೀಲದೊಂದಿಗೆ ಕೂತಳು.

ಹೊರಟೆವು. ಮಾವ ಒಂದು ಕೈಯಲ್ಲಿ ಬಾಗಿನ, ಇನ್ನೊಂದರಲ್ಲಿ ಬಾಗಿಲ ಹಿಡಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು. ಹೋದ ವರ್ಷದ ಮೋರಿ ಬಂದಾಗ ದೇವರ ಹೆಸರು ಹೇಳಿದರು. ನಾನೂ ಹೇಳಿದೆ. ಮೋರಿ ದಾಟಿದ ಮೇಲೆ ಅವರು ಕಣ್ಣು ತೆರೆದು, ಯಾರೋ ಬೆಲ್ಲ ಸೀಯಿಸುತ್ತಿದ್ದಾರೆ ಎಂದರು. ಹಬ್ಬವಲ್ಲವೇ ಮಾವ, ಪ್ರತಿ ಮನೆಯಲ್ಲೂ ಪಾಕ ಎಂದು ನಾನು ನಗಲು ನೋಡಿದೆ. ಹಿಂದಿನಿಂದ ಶಶಿರೇಖ ತಗ್ಗಿದ ದನಿಯಲ್ಲಿ, ತನ್ನ ಬೆನ್ನು ಸುಡುತ್ತಿದೆ ಎಂದಳು. ನನ್ನ ಎದೆ ಡವಗುಟ್ಟುತ್ತಿದ್ದುದು ಎಂಜಿನ್ನಿನ ಸದ್ದಿಗಿಂತ ಜೋರಾಗಿ ಕೇಳುತ್ತಿತ್ತು. ಯಾಕೆಂದರೆ ಎಂಜಿನ್ನಿನ ಸದ್ದು ಆಗಲೇ ನಿಂತುಹೋಗಿತ್ತು. ಕಾರು ಇನ್ನೂ ಸ್ವಲ್ಪ ದೂರ ಅಭ್ಯಾಸಬಲದಿಂದ ಉರುಳಿ, ಒಂದು ಹೊಂಗೆ ಮರದ ಕೆಳಗೆ ಬಂದು ಸಾವಧಾನವಾಗಿ ನಿಂತಿತು.

ದೂರದಲ್ಲಿ ಸೈನೈಡ್ ದಿಬ್ಬ ಕಾಣುತ್ತಿತ್ತು. ಅದರ ಬುಡದಲ್ಲೇ ನಮ್ಮ ಮನೆ. ರಾಹುಕಾಲಕ್ಕೆ ಮುಂಚೆ ಬಾಗಿನ ಹೊಸಿಲು ದಾಟಬೇಕು. ಹೊತ್ತು ಬಹಳ ಇರಲಿಲ್ಲ.

ಈಗ ಪೂಜೆಯ ದಾರಕ್ಕೆ ಯಾರೂ ಅಡ್ಡ ಬರಲಿಲ್ಲ. ಹಾರ ಸರಿಸಿದೆ. ಒಂದೊಂದು ಸೀಳಿನಲ್ಲೂ ಹಳೆ ಸೀರೆಯ ಚೂರು, ಒಪ್ಪವಾಗಿ ಮಡಿಸಿ, ಕಡ್ಡಿಯಿಂದ ದೂಡಿ, ಹೆಬ್ಬೆಟ್ಟಿನಿಂದ ಒತ್ತಿ ಭದ್ರ ಮಾಡಿತ್ತು. ಒಂದು ಇರುವೆಯೂ ನುಸುಳುವಂತಿರಲಿಲ್ಲ. ಎಳೆದೆಳೆದು ತೆಗೆದೆ, ಅರ್ಧ ಸೀರೆಯಾಯಿತು. ಶಶಿರೇಖ ಅಂಚಿನ ಗುರುತು ಹಿಡಿದು, ಅತ್ತೆಯ ಸೀರೆ ಎಂದಳು. ನಾನು ಹಲ್ಲು ಕಚ್ಚಿಕೊಂಡು ಕುಪ್ಪುಸ್ವಾಮಿಗೆ ಫೋನು ಮಾಡಿದೆ. ಮುಚ್ಚಳದ ಮೇಲೆ ಅಂಗೈ ಇಡುವಷ್ಟು ತಣ್ಣಗಾಗುವವರೆಗೆ ಕೀಲಿ ಮುಟ್ಟಕೂಡದು, ಸಾಯಂಕಾಲವಾದರೂ ಆಗಬಹುದು, ಮುಟ್ಟಿದರೆ ಎಂಜಿನ್ನು ಜಾಮಾಗಿ ಹಿಡಿದುಕೊಂಡುಬಿಡುತ್ತದೆ ಎಂದ.

ಅಷ್ಟರಲ್ಲಿ ಡೇರಿಯ ಹಾಲಿನ ವ್ಯಾನು ಬಂತು. ಓಡಿಸುವವನು ನಮಗೆ ಪರಿಚಯದ ಮುನಿರಾಜು. ಎಲ್ಲರನ್ನೂ ಕೂರಿಸಿಕೊಳ್ಳುತ್ತೇನೆ ಎಂದ. ನನ್ನ ಜೀವ ಮರಳಿ ಬಂತು. ನಾಲ್ಕು ಚಕ್ರ ಅದಕ್ಕೂ ಇದ್ದವು. ಆದರೆ ಮಾವ ಸೀಟಿನಿಂದ ಅಲುಗಾಡಲಿಲ್ಲ. ಅಳಿಯನ ಗಾಡಿಯಲ್ಲಿ ಬರುತ್ತೇನೆಂದು ಊರೆಲ್ಲ ಹೇಳಿ ಬಂದಿದ್ದಾರೆ, ಹಾಲಿನ ಕ್ಯಾನುಗಳ ಮಧ್ಯೆ ಕೂತು ಹೋಗಿ ಇಳಿಯಲು ಅವರೇನು ಮೊಸರೇ. ಹಾಗಾದರೆ ಹಗ್ಗ ಕಟ್ಟಿ ಎಳೆಯುತ್ತೇನೆ ಎಂದ ಮುನಿರಾಜು. ಮಾವನ ಮುಖ ಕೆಂಪಾಯಿತು.

‘ಅಗ್ಗ ಕಟ್ಟಿ ಎಳ್ಯಾದು ಸತ್ತ ಎಮ್ಮೇನ ಕಣಯ್ಯ. ಗೌರಿ ಬಾಗಿನಾನ ಯಾರಾದ್ರೂ ಅಗ್ಗ ಕಟ್ಟಿ ಎಳೀತಾರಾ?’

ಶಶಿರೇಖಳೂ ಅದು ಸರಿಯಲ್ಲ ಎಂದಳು. ಅವಳ ತುಟಿ ಒಣಗಿತ್ತು. ಬೆಳಗಿನಿಂದ ಒಂದು ತೊಟ್ಟು ನೀರಿಲ್ಲ. ಅಪ್ಪನನ್ನೊಮ್ಮೆ, ದಿಬ್ಬವನ್ನೊಮ್ಮೆ ನೋಡಿದಳು. ಹೋದ ವರ್ಷ ಕೊಟ್ಟಿಗೆಗೆ ಹೋಗುವ ಮುಂಚೆ ಇದ್ದ ಮುಖವೇ ನಿಧಾನವಾಗಿ ಬರತೊಡಗಿತು. ಅದನ್ನು ಇನ್ನೊಂದು ವರ್ಷ ನೋಡುವ ಶಕ್ತಿ ನನಗಿರಲಿಲ್ಲ. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹಿಂದಿನಿಂದ ಇಳಿದು ಬಂದು ಸ್ಟೀರಿಂಗಿನ ಮುಂದೆ ಕೂತಳು.

‘ನೀನು ಹಿಂದ್ಕೋಗಿ ತಳ್ಳು’ ಎಂದಳು.

ಮುನಿರಾಜು ಪಾಪ ಕೈಜೋಡಿಸಲು ಇಳಿದ. ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಳಿಯ ಕರೆದುಕೊಂಡು ಹೋಗಬೇಕಾದ ಬಾಗಿನಕ್ಕೆ ಬೇರೆಯವರು ಕೈ ಹಾಕುವಂತಿಲ್ಲ ಎಂದು ಶಾಸ್ತ್ರ ಹೇಳಿದರು. ಮುನಿರಾಜು ನನಗೆ ಕೈಮುಗಿದು ವ್ಯಾನು ಹತ್ತಿದ.

ಮುಚ್ಚಳ ಕೆಂಡದಂತೆ ಸುಡುತ್ತಿತ್ತು. ತಾಯಿಯ ಸೀರೆಯ ಚೂರುಗಳನ್ನೇ ಅಂಗೈಗೆ ಸುತ್ತಿಕೊಂಡು, ತಲೆ ತಗ್ಗಿಸಿ ತಳ್ಳಲಾರಂಭಿಸಿದೆ. ಸಮತಟ್ಟಿನಲ್ಲಿ ಹೇಗೋ ಉರುಳಿತು. ಏರು ಬಂದಾಗಲೆಲ್ಲ ಶಶಿರೇಖ ಮುಂದಿನಿಂದ ಏರು ಬಂತು ಎಂದು ತಿಳಿಸುತ್ತಿದ್ದಳು, ನನ್ನ ಮಂಡಿಗಳಿಗೆ ಅದು ಗೊತ್ತಿಲ್ಲವೋ ಎಂಬಂತೆ. ದಿಬ್ಬದ ಕಡೆಯಿಂದ ಗಾಳಿ ಧೂಳು ತಂದು ಮುಖಕ್ಕೆ ರಾಚಿತು. ಆ ಗಾಳಿ ಬೀಸಿದಾಗ ಮಾತ್ರ ಬೆವರು ಸ್ವಲ್ಪ ಆರುತ್ತಿತ್ತು, ಅಷ್ಟೇ ಸುಖ. ಎದುರು ಬಂದ ಬಸ್ಸು ನಿಧಾನ ಮಾಡಿ ಒಳಗಿದ್ದವರೆಲ್ಲ ನೋಡಿದರು. ದಿನಾ ನನ್ನ ಜೊತೆ ರೈಲಿನಲ್ಲಿ ಬರುವವನೊಬ್ಬ ಬೈಕಿನಲ್ಲಿ ಎದುರಾಗಿ, ಹಬ್ಬದ ಶುಭಾಶಯ ಹೇಳಿ, ಫೋಟೋ ತೆಗೆದುಕೊಂಡು ಹೋದ.

ವಿಚಿತ್ರವೆಂದರೆ ಮಾವ ಬಾಗಿಲ ಹಿಡಿ ಬಿಟ್ಟಿದ್ದರು. ಕಿಟಕಿಗೆ ಮೊಣಕೈ ಊರಿ, ರಾಗಿ ತೆನೆ ಬಿಡುವುದು ಯಾವಾಗ ಎಂದು ಹೊಲದವರನ್ನು ವಿಚಾರಿಸುತ್ತ, ಪರಿಚಯವಿಲ್ಲದವರಿಗೂ ನಮಸ್ಕಾರ ಹೇಳುತ್ತ ಬರುತ್ತಿದ್ದರು. ನಮ್ಮ ಬೀದಿಗೆ ಹೊರಳುವಾಗ ಏನೋ ತೆಲುಗು ಪದ ಗುನುಗುತ್ತಿದ್ದುದು ಕೂಡ ಕೇಳಿಸಿತು.

ರಾಹುಕಾಲ ಇನ್ನೂ ಹಿಡಿದಿರಲಿಲ್ಲ. ತಾಯಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಕಾರಿನ ಹಿಂದಿನಿಂದ ಎದ್ದು, ಮೂಗಿನವರೆಗೆ ಬಿಳಿ ಧೂಳು ಬಳಿದುಕೊಂಡು, ಕೈಯಲ್ಲಿದ್ದ ಸೀರೆಯ ಚೂರುಗಳನ್ನು ಅವಳ ಮುಂದೆ ಹಿಡಿದೆ. ದಾರಿಯುದ್ದಕ್ಕೂ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದ ಮಾತುಗಳಿಗೆ ಉಸಿರು ಸಾಲಲಿಲ್ಲ. ತಾಯಿಯೇ ಮೊದಲು ಮಾತಾಡಿದಳು.

‘ದಿನಾ ಸಾಯಂಕಾಲ ನೀನೇ ತುರುಕ್ತಿದ್ದಲ್ಲ. ಇವತ್ತು ಅಬ್ಬದ ಗಡಿಬಿಡೀಲಿ ಮರ್ತೋಗಿದ್ದೆ. ತೂತೆಲ್ಲ ಬಾಯ್ ಬುಟ್ಕೊಂಡಿತ್ತು. ನಿಂಗೆ ಗಾಬ್ರಿ ಆಗ್ತದಲ್ಲ ಅಂತ ನಾನೇ ಗಟ್ಟಿಯಾಗಿ ತುರುಕ್ದೆ. ಯಾಕ್ಲಾ ಕಿತ್ತೆ?’

ನಾನು ಚೂರುಗಳನ್ನು ಮಡಿಸಿ ಜಗುಲಿಯ ಮೇಲಿಟ್ಟೆ.

ಮಾವ ಬಾಗಿನ ಹಿಡಿದು ಹೊಸಿಲು ದಾಟಿದರು. ಶಶಿರೇಖ ಸೆರಗೊಡ್ಡಿ ನಿಂತಳು. ಮೊರ ಅವಳ ಮಡಿಲಿಗೆ ಬಂತು. ಒಂದು ಬಳೆಯೂ ಒಡೆದಿರಲಿಲ್ಲ. ಅವಳ ಕಣ್ಣುಗಳು ತುಂಬಿಕೊಂಡವು, ನನ್ನವೂ ತುಂಬಿದವು. ನನ್ನವು ತುಂಬಿದ್ದು ಧೂಳಿನಿಂದ ಎಂದು ಎಲ್ಲರೂ ತಿಳಿದರು, ನಾನೂ ತಿದ್ದಲಿಲ್ಲ. ಸೊಂಟ ಮುರಿದುಹೋಗಿದ್ದರೂ ಮನಸ್ಸು ಹಗುರವಾಯಿತು. ಅಂತೂ ಒಂದು ಋಣ ತೀರಿತು, ಇನ್ನು ಎಂಜಿನ್ನು ತಣ್ಣಗಾದರೆ ಸಾಕು, ಮಾವನನ್ನು ಜುಮ್ಮೆಂದು ಸ್ಟೇಷನ್ನಿಗೆ ಬಿಟ್ಟು ಬರಬಹುದು ಎಂದುಕೊಂಡೆ.

ಊಟಕ್ಕೆ ಕೂತಾಗ ಮಾವ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಮನಸ್ಸು ಬಿಚ್ಚಿದರು. ಸ್ಕೂಟರಿನಲ್ಲಿ ಅವರಿಗೆ ಭಯವಾಗಿತ್ತಂತೆ. ಕಾರು ಸ್ಟೇಷನ್ನಿನಿಂದ ಹೊರಟಾಗ ಅದಕ್ಕಿಂತ ಹೆಚ್ಚು ಭಯವಾಗಿತ್ತಂತೆ, ಆ ಸದ್ದು, ಆ ಜೋರು, ಆ ಸುಟ್ಟ ವಾಸನೆ. ಹೊಂಗೆ ಮರದ ಕೆಳಗಿನಿಂದ ಮಾತ್ರ ನೋಡಿ, ಪ್ರಯಾಣವೆಂದರೆ ಅದು. ಸದ್ದಿಲ್ಲ, ಗದ್ದಲವಿಲ್ಲ, ಎರಡೂ ಕಡೆ ಹೊಲ ನೋಡಿಕೊಂಡು, ಜನರನ್ನು ಮಾತಾಡಿಸಿಕೊಂಡು. ಎಷ್ಟೋ ವರ್ಷದ ಮೇಲೆ ಎತ್ತಿನ ಗಾಡಿಯಲ್ಲಿ ಕೂತ ಹಾಗಾಯಿತಂತೆ.

‘ದೀಪಾವಳಿಗೂ ಬತ್ತೀನಮ್ಮ. ಸ್ಟೇಷನ್‌ನಿಂದ್ಲೇ ಇಂಗೇ ಕರ್ಕಂಬರ್ಲಿ. ಎಂಜಿನ್ನು ಗಿಂಜಿನ್ನು ಅಂದ್ರೆ ಮಾತ್ರ ನಾನು ಬರಾಕಿಲ್ಲ’ ಎಂದರು.

ಶಶಿರೇಖ ನನ್ನ ಕಡೆ ನೋಡಲೂ ಇಲ್ಲ. ಆಗಲಿ ಬಿಡಪ್ಪ ಎಂದುಬಿಟ್ಟಳು.

ಸಾಯಂಕಾಲ ಮುಚ್ಚಳದ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ದೇವರನ್ನು ನೆನೆದು ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಎಂಜಿನ್ನು ಸ್ಟಾರ್ಟಾಯಿತು. ಏನೂ ಆಗಿಲ್ಲವೆಂಬಂತೆ ಲಯವಾಗಿ ಗುಟುಗುಟು ಎನ್ನಲಾರಂಭಿಸಿತು. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ. ಮಾವನನ್ನು ಕರೆದು ಕೇಳಿಸೋಣವೆಂದು ತಿರುಗುವಷ್ಟರಲ್ಲಿ ಶಶಿರೇಖ ಹೊಸ ಬಳೆ ಸದ್ದು ಮಾಡಿಕೊಂಡು ಓಡಿಬಂದು, ಕಿಟಕಿಯೊಳಗೆ ಕೈ ಹಾಕಿ ಕೀಲಿ ತಿರುವಿ ಎಂಜಿನ್ನು ಆರಿಸಿಬಿಟ್ಟಳು. ಒಳಗೆ ಅಪ್ಪ ಮಲಗಿದ್ದಾನೆ, ಸದ್ದು ಕಿವಿಗೆ ಬಿದ್ದರೆ ದೀಪಾವಳಿಗೆ ಬರುವುದಿಲ್ಲ ಎನ್ನುತ್ತಾನೆ ಎಂದಳು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

‘ಸ್ಟೇಷನ್‌ನಿಂದ ಅಂದ್ರೆ ದೂರ ಆಯ್ತದೆ. ನಾಳೆಯಿಂದ ದಿನಾ ಎರಡು ರಾಗಿ ಮುದ್ದೆ ಉಣ್ಣು’ ಎಂದಳು.